ಸರ ಕೊಟ್ಟವಳು ಗಂಟಲು ನೋಡಲಿಲ್ಲ

ನನಗೆ ಸೊಕ್ಕು ಜಾಸ್ತಿ ಎಂದು ನನ್ನ ಗಂಡ ಹೇಳುತ್ತಾರೆ. ಜಾಸ್ತಿಯೇ ಇದೆ, ನಾನೇನು ಅಲ್ಲಗಳೆಯುವುದಿಲ್ಲ. ತೆಲಂಗಾಣದ ಮಕ್ತಲ್‌ನಿಂದ ಆಟೋದಲ್ಲಿ ಅರ್ಧ ಗಂಟೆ ದೂರವಿರುವ ಊರೊಂದರ ಸಬ್‌ಸೆಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸಾಗಿದ್ದೇನೆ. ಈ ಊರಿನಲ್ಲಿ ಶಾಲೆಗೆ ಹೋಗುವ ಯಾವ ಮಗುವಿನ ತೋಳು ಹಿಡಿದರೂ ಅಲ್ಲಿ ನನ್ನ ಸೂಜಿ ಇಳಿದಿದೆ. ಈಗ ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಬರುವ ಕೆಲವು ತಾಯಂದಿರ ತೋಳಿಗೂ ಒಂದು ಕಾಲಕ್ಕೆ ನಾನೇ ಚುಚ್ಚಿದ್ದೆ. ನನ್ನನ್ನು ಕಂಡರೆ ಮಕ್ಕಳು ಓಡುತ್ತವೆ, ಮುದುಕಿಯರು ಕುರ್ಚಿ ತಂದು ಹಾಕುತ್ತಾರೆ. ಎರಡೂ ನನಗೆ ಇಷ್ಟ.

ನಮ್ಮಲ್ಲಿ ಮನೆಮಾತು ಕನ್ನಡ, ಸರ್ಕಾರಿ ಕಾಗದ ತೆಲುಗು, ಸಂತೆಯಲ್ಲಿ ಬಾಯಿಗೆ ಬಂದದ್ದು. ಡಿಫ್ತೀರಿಯಾ ಎಂಬ ಹೆಸರನ್ನು ನಾನು ತರಬೇತಿಯಲ್ಲಿ ಓದಿದೆ. ತೆಲುಗು ಪುಸ್ತಕದಲ್ಲಿ ಅದು ಕಂಠಸರ್ಪಿ. ಅದಕ್ಕೂ ಮೊದಲೇ ಆ ರೋಗ ನನಗೆ ಗೊತ್ತಿದ್ದದ್ದು ಅಜ್ಜಿಯ ಬಾಯಿಂದ, ಗಂಟಲುಮಾರಿ ಎಂದು. ನನ್ನ ತವರು ಗದ್ವಾಲದ ಆಚೆ, ಕೆ.ಟಿ. ದೊಡ್ಡಿಯ ಹತ್ತಿರ. ಅಲ್ಲಿ ಅಜ್ಜಿ ಅಂಗಳದಲ್ಲಿ ಹತ್ತಿ ಬಿಡಿಸುತ್ತ ತಾನು ಹೆತ್ತ ಮಕ್ಕಳನ್ನು ಎಣಿಸುತ್ತಿದ್ದಳು. ಉಳಿದವರನ್ನು ಅವರವರ ಹೆಸರಿನಿಂದ, ಹೋದವರನ್ನು ರೋಗದ ಹೆಸರಿನಿಂದ. "ಒಂದು ಅಮ್ಮಗ ಹೋತು, ಒಂದು ಗಂಟಲುಮಾರಿಗಿ ಹೋತು" ಎನ್ನುವಾಗ ಅವಳ ಕೈ ಹತ್ತಿಯ ಮೇಲೆ ನಿಲ್ಲುತ್ತಿರಲಿಲ್ಲ. ಅಮ್ಮ ಎಂದರೆ ಸಿಡುಬು. ಗಂಟಲುಮಾರಿಗೆ ಹೋದ ಮಗು ನೀರು ನೀರು ಎಂದು ಕೇಳುತ್ತಿತ್ತಂತೆ. ಕುಡಿಸಿದ ನೀರು ಮೂಗಿನಿಂದ ಹೊರಗೆ ಬರುತ್ತಿತ್ತಂತೆ.

ಆ ರೋಗವನ್ನು ನಾನು ನನ್ನ ನೌಕರಿಯಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಕಾಣದಿದ್ದದ್ದೇ ನನ್ನ ಹೆಮ್ಮೆ. ನಾರಾಯಣಪೇಟೆಯ ನೇಕಾರ ತಾನು ನೇಯ್ದ ಸೀರೆಯನ್ನು ಬಿಚ್ಚಿ ತೋರಿಸಬಹುದು, ಹೊಲದವನು ರಾಶಿ ತೋರಿಸಬಹುದು. ನನ್ನ ಕೆಲಸದಲ್ಲಿ ತೋರಿಸಲು ಏನೂ ಇರುವುದಿಲ್ಲ. ಏನೂ ಆಗದೇ ಇರುವುದೇ ಅದರ ಫಲ. ಹೀಗಾಗಿ ಜಿಲ್ಲಾ ಮೀಟಿಂಗಿಗೆ ನಾರಾಯಣಪೇಟೆಗೆ ಹೋದಾಗ ನಾನು ಎದ್ದು ನಿಂತು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ, ನನ್ನ ಊರಲ್ಲಿ ಒಂದು ಮಗುವೂ ಲಸಿಕೆಗೆ ಬಾಕಿ ಇಲ್ಲವೆಂದು. ಚಪ್ಪಾಳೆ ತಟ್ಟುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ನಿಧಾನವಾಗಿ ಕೂರುತ್ತಿದ್ದೆ.

ಸುಳ್ಳೇನೂ ಹೇಳುತ್ತಿರಲಿಲ್ಲ. ಆದರೆ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಎಷ್ಟೋ ಮನೆಗಳು ಪುಣೆಗೆ, ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತವೆ, ಮಕ್ಕಳನ್ನೂ ಕಟ್ಟಿಕೊಂಡು. ಆರು ತಿಂಗಳು ಮುಖ ಕಾಣದಿದ್ದರೆ ನನ್ನ ರಿಜಿಸ್ಟರಿನಲ್ಲಿ ಆ ಮಗುವಿನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ವಲಸೆ' ಎಂದು ಬರೆದು ಗೆರೆ ಎಳೆಯುತ್ತಿದ್ದೆ. ಅಲ್ಲಿಯ ನರ್ಸು ಅಲ್ಲಿ ನೋಡಿಕೊಳ್ಳುತ್ತಾಳೆ ಎಂದು ನನ್ನ ಲೆಕ್ಕ. ಗೆರೆ ಎಳೆದ ಮೇಲೆ ಉಳಿದವರೆಲ್ಲ ಊರಲ್ಲಿದ್ದವರು, ಅವರಲ್ಲಿ ಬಾಕಿ ಯಾರೂ ಇರುತ್ತಿರಲಿಲ್ಲ.

ಇನ್ನೊಂದು ಹೆಮ್ಮೆ ನನ್ನ ಕೊರಳಲ್ಲಿತ್ತು. ಗದ್ವಾಲದ ಅಕ್ಕಸಾಲಿಗನಿಂದ ಮಾಡಿಸಿದ ಎರಡೆಳೆಯ ಬಂಗಾರದ ಸರ. ನಮ್ಮ ಊರಲ್ಲಿ ಮಗುವಿಗೆ ಮಂಗನಬಾವು ಬಂದರೆ, ಅಂದರೆ ಕಿವಿಯ ಕೆಳಗೆ ಗದ್ದ ಊದಿದರೆ, ಕೊರಳಿಗೆ ಬಂಗಾರ ಹಾಕಿ ಮೂರು ದಿನ ಮನೆಯ ಮುಂದೆ ಕೂರಿಸುತ್ತಾರೆ. ಬಾವು ಬಂಗಾರಕ್ಕೆ ಅಂಜಿ ಇಳಿಯುತ್ತದೆ ಎಂದು ನಂಬಿಕೆ. ಬಂಗಾರ ಇಲ್ಲದವರು ಇದ್ದವರ ಮನೆಗೆ ಬಂದು ಕೇಳುತ್ತಾರೆ. ಕೇಳಿದರೆ ಇಲ್ಲವೆನ್ನುವ ಹಾಗಿಲ್ಲ. ಯಾರ ಮನೆಯಿಂದಲೂ ಇದುವರೆಗೆ ಒಂದು ಗುಂಡೂ ಕಳೆದದ್ದಿಲ್ಲ. ಎಲ್ಲರಿಗೂ ನನ್ನ ಸರವೇ ಬೇಕು. ನರ್ಸಮ್ಮನ ಸರದಲ್ಲಿ ಬಂಗಾರದ ಗುಣದ ಜೊತೆ ಔಷಧದ ಗುಣವೂ ಇದೆಯಂತೆ. ಮಂಗನಬಾವು ಹೇಗೂ ವಾರದಲ್ಲಿ ತಾನಾಗಿ ಇಳಿಯುತ್ತದೆ, ಬಂಗಾರದಿಂದ ಕೆಡುಕೇನೂ ಇಲ್ಲ ಎಂದು ನಾನು ಕೊಡುತ್ತಿದ್ದೆ. ಖರೆ ಹೇಳಬೇಕೆಂದರೆ, ಬಂದು ಕೇಳುತ್ತಾರಲ್ಲ, ಅದು ನನಗೆ ಹಿಡಿಸುತ್ತಿತ್ತು.

ಎರಡು ವರ್ಷದ ಹಿಂದೆ, ನಾಗರ ಪಂಚಮಿ ಮುಗಿದ ಮೇಲಿನ ಒಂದು ಸೋಮವಾರ. ನಾನು ಸಬ್‌ಸೆಂಟರಿನಲ್ಲಿ ಕೂತು ಟ್ಯಾಬಿನಲ್ಲಿ ಮನೆಮನೆ ಸರ್ವೆ ತುಂಬುತ್ತಿದ್ದೆ. ಹಿಂದಿನ ಓಣಿಯ ಮುದುಕಿ ಬಾಗಿಲಲ್ಲಿ ನಿಂತಳು. ಅವಳ ಮಗ ಪುಣೆಯಲ್ಲಿ ಗಾರೆ ಕೆಲಸದವನು. ಪಂಚಮಿಗೆಂದು ಸೊಸೆ, ಏಳು ವರ್ಷದ ಮೊಮ್ಮಗಳು, ಎಂಟು ತಿಂಗಳ ಮೊಮ್ಮಗ ಊರಿಗೆ ಬಂದಿದ್ದರು.

"ಯವ್ವಾ ನರ್ಸಮ್ಮ, ಮೊಮ್ಮಗಳಿಗಿ ಗದ್ದ ಊದೈತಿ. ನಿನ್ನ ಸರ ಮೂರ ದಿನ ಕೊಡವ್ವಾ."

"ಜ್ವರ ಐತೇನು ಆಯಿ?"

"ಮೈ ಬೆಚ್ಚಗೈತಿ ಅಷ್ಟ, ಭಾಳ ಇಲ್ಲ. ನುಂಗಾಕ ಆಗವಲ್ದು ಅಂತಾಳ."

ಮಂಗನಬಾವಿನಲ್ಲೂ ನುಂಗಲು ನೋವಿರುತ್ತದೆ. ನಾನು ಟ್ಯಾಬಿನಿಂದ ಕಣ್ಣು ತೆಗೆಯದೆ ಕೊಂಡಿ ಬಿಚ್ಚಿ ಸರವನ್ನು ಅವಳ ಅಂಗೈಗೆ ಹಾಕಿದೆ. ಕೇಳಬೇಕಾದ್ದನ್ನು ಕೇಳಿದೆ, ನೋಡಬೇಕಾದ್ದನ್ನು ನೋಡಲಿಲ್ಲ. ಇಪ್ಪತ್ತು ಹೆಜ್ಜೆ ನಡೆದಿದ್ದರೆ ಆ ಮನೆ. ಇದನ್ನು ಈಗಲೂ ನೆನೆದಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬುಧವಾರ ಲಸಿಕೆಯ ದಿನ. ಬೆಳಿಗ್ಗೆ ಮಕ್ತಲ್‌ನಿಂದ ಐಸು ತುಂಬಿದ ನೀಲಿ ಡಬ್ಬಿ ಬಂತು. ಅದನ್ನು ಹೆಗಲಿಗೆ ಹಾಕಿಕೊಂಡು ನಾನು, ನನ್ನ ಜೊತೆ ನಮ್ಮ ಊರಿನ ಆಶಾ ಕಾರ್ಯಕರ್ತೆ, ಇಬ್ಬರೂ ಹಿಂದಿನ ಓಣಿಗೆ ಹೊರಟೆವು. ಅವಳು ನನಗಿಂತ ಚಿಕ್ಕವಳು, ಯಾವ ಮನೆಯಲ್ಲಿ ಯಾವ ಕೂಸು ಯಾವಾಗ ಹುಟ್ಟಿತು ಎಂಬುದನ್ನೆಲ್ಲ ಬಾಯಿಪಾಠ ಇಟ್ಟುಕೊಂಡವಳು.

ಮುದುಕಿಯ ಮನೆಯ ಕಟ್ಟೆಯ ಮೇಲೆ ಕೌದಿ ಹಾಸಿ ಹುಡುಗಿಯನ್ನು ಕೂರಿಸಿದ್ದರು. ಸುತ್ತ ಓಣಿಯ ಮಕ್ಕಳೆಲ್ಲ ನೆರೆದಿದ್ದವು. ಹಾಗೇ ಆಗುವುದು, ಬಂಗಾರ ಹಾಕಿಕೊಂಡು ಕೂತ ಮಗು ಮೂರು ದಿನದ ಮದುವಣಗಿತ್ತಿ. ಮಕ್ಕಳು ಸರದಿಯ ಮೇಲೆ ಅವಳ ಪಕ್ಕ ಕೂತು ಸರ ಮುಟ್ಟಿ ನೋಡುತ್ತಿದ್ದವು, ಅವಳ ತಂಬಿಗೆಯಿಂದಲೇ ನೀರು ಕುಡಿಯುತ್ತಿದ್ದವು. ಆಶಾಳ ಎಂಟು ವರ್ಷದ ಮಗಳು ಅವಳ ಭುಜಕ್ಕೆ ಭುಜ ತಾಗಿಸಿ ಕೂತಿದ್ದಳು. ದೂರದಿಂದ ಅದನ್ನೆಲ್ಲ ನೋಡಿ ನನಗೆ ನಗು ಬಂತು, ನನ್ನ ಸರದ ಗತ್ತೇ ಗತ್ತು ಎಂದುಕೊಂಡೆ.

ಹತ್ತಿರ ಹೋಗಿ, "ಏನವಾ, ನನ್ನ ಸರ ನಿನಗ ಭಾಳ ಒಪ್ಪೈತಲ್ಲ" ಎಂದೆ. ಹುಡುಗಿ ಏನೋ ಹೇಳಿದಳು. ತುಟಿ ಅಲ್ಲಾಡಿದವು, ದನಿ ಬರಲಿಲ್ಲ. ಗಾಳಿಯಲ್ಲಿ ಒಂದು ಕೆರೆತ ಮಾತ್ರ. ಆಗ ನಾನು ಅವಳನ್ನು ಸರಿಯಾಗಿ ನೋಡಿದೆ. ಒಂದು ಮೂಗಿನ ಹೊಳ್ಳೆಯಲ್ಲಿ ರಕ್ತ ಬೆರೆತ ಸಿಂಬಳ. ಬಾಯಿಯಿಂದ ಹಳಸಿದ ವಾಸನೆ. ಊತ ಇದ್ದದ್ದು ಕಿವಿಯ ಕೆಳಗಲ್ಲ, ದವಡೆಯಿಂದ ಕೆಳಗೆ ಕೊರಳಿನ ಸುತ್ತ. ನನ್ನ ಸರ ಆ ಊತದೊಳಗೆ ಹೂತು ಎರಡು ಕಡೆ ಕಾಣುತ್ತಲೇ ಇರಲಿಲ್ಲ.

ಮಕ್ಕಳನ್ನು ಕಟ್ಟೆಯಿಂದ ಇಳಿಸಿದೆ. ಮಾಸ್ಕು ಹಾಕಿಕೊಂಡೆ. ಚೀಲದಿಂದ ಟಾರ್ಚು ತೆಗೆದು ಮುದುಕಿಯಿಂದ ಒಂದು ಚಮಚ ತರಿಸಿದೆ. "ಬಾಯಿ ತೆರಿ ಮಗಳ, ಆ ಅನ್ನು." ಚಮಚದ ಹಿಡಿಯಿಂದ ನಾಲಿಗೆ ಒತ್ತಿ ಬೆಳಕು ಬಿಟ್ಟೆ. ಗಂಟಲಿನ ಎರಡೂ ಬದಿಗೆ ಹಳೆಯ ಗೋಡೆಯ ಸುಣ್ಣದ ಹಾಗೆ ಬೂದು ಬಣ್ಣದ ಪೊರೆ ಕಟ್ಟಿತ್ತು. ಕಿರುನಾಲಿಗೆಯವರೆಗೂ ಹಬ್ಬಿತ್ತು.

"ಅದು ಹಾಲಿನ ಕೆನಿ" ಎಂದಳು ಮುದುಕಿ. "ಮುಂಜಾನಿ ಬಟ್ಟಿಲೆ ಒರಸಿದ್ನಿ. ಬಿಡಲಿಲ್ಲ. ರಕ್ತ ಬಂತು, ಅಂಜಿ ಬಿಟ್ನಿ."

ತರಬೇತಿಯ ತರಗತಿಯಲ್ಲಿ ನಮಗೆ ಪಾಠ ಹೇಳಿದ ಟೀಚರು ಇದೇ ಮಾತನ್ನು ಮೂರು ಸಲ ಹೇಳಿ ಬರೆಸಿದ್ದರು. ಗಂಟಲಲ್ಲಿ ಬಿಳಿ ಕಂಡರೆಲ್ಲ ಡಿಫ್ತೀರಿಯಾ ಅಲ್ಲ. ಆದರೆ ಅಂಟಿಕೊಂಡು, ಒರೆಸಿದರೆ ಬಿಡದೆ ರಕ್ತ ಬರುವ ಪೊರೆ ಕಂಡರೆ ಒಂದು ಗಳಿಗೆ ತಡಮಾಡಬೇಡಿ, ಮತ್ತೆ ಅದನ್ನು ಮುಟ್ಟಬೇಡಿ ಎಂದು. ಎಂದೂ ಕಾಣದ ರೋಗ ನನ್ನ ಬಂಗಾರ ಹಾಕಿಕೊಂಡು ಎದುರಿಗೆ ಕೂತಿತ್ತು.

ಮಕ್ತಲ್‌ನ ಡಾಕ್ಟರಿಗೆ ಫೋನು ಮಾಡಿದೆ. ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಡಾಕ್ಟರು. "ಮೀರು ಕಳ್ಳತೋ ಚೂಶಾರಾ?" ಎಂದು ತೆಲುಗಿನಲ್ಲಿ ಕೇಳಿದರು, ನಿಮ್ಮ ಕಣ್ಣಿನಿಂದ ನೋಡಿದಿರಾ ಎಂದು. ನೋಡಿದೆ ಸರ್ ಎಂದೆ. ಮಗುವನ್ನು ನಡೆಸಬೇಡಿ, ಮಲಗಿಸಿಯೇ ತನ್ನಿ, 108 ಗಾಡಿಗೆ ನಾನು ಹೇಳುತ್ತೇನೆ, ಔಷಧ ಹೈದರಾಬಾದಿನಲ್ಲಿ ಸಿಗುತ್ತದೆ ಎಂದರು.

ಹೈದರಾಬಾದು ಎಂಬ ಮಾತು ಕೇಳಿದ್ದೇ ಮುದುಕಿ ಬಾಗಿಲಿಗೆ ಅಡ್ಡ ಕೂತಳು. "ದೊಡ್ಡ ದವಾಖಾನಿಗಿ ಹೋದ ಕೂಸು ತಿರುಗಿ ಬರಂಗಿಲ್ಲ. ಸರ ಹಾಕಿ ಇನ್ನಾ ಎರಡ ದಿನ ಆಗ್ಯಾವ. ನಡುವ ತೆಗದ್ರ ಬಾವು ಎದಿಗಿ ಇಳಿತೈತಿ. ನಾಳಿ ನೋಡೂನು."

ನಾಳೆ ಎಂಬುದು ಆ ಹುಡುಗಿಗೆ ಇರಲಿಲ್ಲ. ನಾನು ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಆಯಿ, ಸರ ನಂದು. ನೋಡದ ಕೊಟ್ಟ ತಪ್ಪೂ ನಂದು. ಈಗ ನಾನ ತೆಗಿತೀನಿ. ಪಾಪ ಬಂದ್ರ ನನಗ ಬರ್ಲಿ." ಎದ್ದು ಹೋಗಿ ಹುಡುಗಿಯ ಹಿಂದೆ ನಿಂತು ಕೊಂಡಿ ಹುಡುಕಿ ಬಿಚ್ಚಿದೆ. ಊದಿದ ಕೊರಳಿನ ಮೇಲೆ ಎರಡೆಳೆಯ ಗುರುತು ಹಾಗೇ ಉಳಿದಿತ್ತು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಮೂರು ದಿನ ತುಂಬುವ ಮೊದಲೇ ಬಂಗಾರ ತೆಗೆದದ್ದನ್ನು ಅವರು ಯಾರೂ ಕಂಡಿರಲಿಲ್ಲ.

ಇಷ್ಟು ಹೊತ್ತು ಹುಡುಗಿಯ ತಾಯಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಇಪ್ಪತ್ತೈದರ ಆಸುಪಾಸಿನ ಹೆಣ್ಣು, ಪುಣೆಯಲ್ಲಿ ತಲೆಯ ಮೇಲೆ ಇಟ್ಟಿಗೆ ಹೊತ್ತು ಮಹಡಿ ಹತ್ತುವವಳು. ಆಗ ನನ್ನ ಮುಂದೆ ಬಂದು ನಿಂತಳು.

"ಅಕ್ಕಾರ, ಖರೇ ಹೇಳ್ರಿ. ಹೋದ್ರ ಉಳಿತಾಳೇನು?"

ಉಳಿಯುತ್ತಾಳೆ ಎಂದು ನನ್ನ ಬಾಯಿಗೆ ಬಂದಿತ್ತು. ನುಂಗಿಕೊಂಡೆ. "ಇಲ್ಲೇ ಇದ್ರ ಉಳಿಯೂದು ಕಷ್ಟ ಐತಿ ತಂಗಿ. ಹೋದ್ರ ದಾರಿ ಐತಿ. ಆದ್ರ ಈಗ ಹೋಗಬೇಕು, ಈ ತಾಸಿನಾಗ."

ಅವಳು ಅತ್ತೆಯ ಕಡೆ ನೋಡಲಿಲ್ಲ, ಪುಣೆಗೆ ಫೋನು ಮಾಡಿ ಗಂಡನನ್ನು ಕೇಳಲಿಲ್ಲ. ಮೊಲೆ ಕುಡಿಯುವ ಕೂಸನ್ನು ಸೊಂಟದಿಂದ ಬಿಡಿಸಿ ನನ್ನ ಕೈಗೆ ಕೊಟ್ಟಳು. "ಇವನ್ನ ನೀವು ನೋಡ್ಕೋರಿ. ಅಕಿನ್ನ ನಾ ಒಯ್ತೀನಿ." ಅಷ್ಟೇ. ಓದು ಬರಹ ಬಾರದ ಆ ಹೆಣ್ಣು ಅರೆಗಳಿಗೆಯಲ್ಲಿ ತೆಗೆದುಕೊಂಡ ತೀರ್ಮಾನವನ್ನು ನೆನೆದರೆ ಇಂದಿಗೂ ನನ್ನ ಎದೆ ಉಬ್ಬುತ್ತದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಆದರೂ.

ಗಾಡಿ ಬಂತು. ನಾನೂ ಹತ್ತಲು ಹೋದೆ. ಡಾಕ್ಟರು ಫೋನಿನಲ್ಲಿ ತಡೆದರು. ಈ ಮಗುವಿಗೆ ದಾರಿಯಲ್ಲಿ ನೋಡಿಕೊಳ್ಳುವವರಿದ್ದಾರೆ, ಓಣಿಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಮಾತು ಸರಿಯಾಗಿಯೇ ಇತ್ತು. ಕೆಮ್ಮಿದರೆ, ಸೀನಿದರೆ, ಮುಖಕ್ಕೆ ಮುಖ ಕೊಟ್ಟು ಮಾತಾಡಿದರೆ ಹರಡುವ ರೋಗ ಅದು. ಎರಡು ದಿನದಿಂದ ಇಡೀ ಓಣಿಯ ಮಕ್ಕಳು ಅವಳ ಉಸಿರಿನಲ್ಲೇ ಕೂತಿದ್ದವು. ಅವನ್ನು ಕರೆದು ಕೂರಿಸಿದ್ದು ನನ್ನ ಸರ.

ಗಾಡಿ ಹೋದ ಮೇಲೆ ತಾಯಿ ಬಿಟ್ಟುಹೋದ ಪ್ಲಾಸ್ಟಿಕ್ ಚೀಲದಲ್ಲಿ ಹುಡುಗಿಯ ಲಸಿಕೆ ಕಾರ್ಡು ಸಿಕ್ಕಿತು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕಿದ ಮೂರು ಲಸಿಕೆಗಳ ಮುಂದೆ ನನ್ನದೇ ಅಕ್ಷರ, ನನ್ನದೇ ಸಹಿ. ಒಂದೂವರೆ ವರ್ಷಕ್ಕೆ ಹಾಕಬೇಕಿದ್ದ ಬೂಸ್ಟರಿನ ಜಾಗ ಖಾಲಿ. ಐದು ತುಂಬಿದಾಗ ಹಾಕಬೇಕಿದ್ದದ್ದೂ ಖಾಲಿ. ರಿಜಿಸ್ಟರು ತೆಗೆದೆ. ಅವಳ ಹೆಸರಿನ ಮೇಲೆ ಕೆಂಪು ಗೆರೆ. ಪುಣೆಯವರು ಅವಳನ್ನು ತಮ್ಮವಳೆಂದು ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಮೀಟಿಂಗಿನಲ್ಲಿ ನನಗೆ ಬಿದ್ದ ಚಪ್ಪಾಳೆ ಈ ಗೆರೆಯ ಮೇಲೆ ನಿಂತಿತ್ತು.

ಮಧ್ಯಾಹ್ನ ಊರ ಮುಂದಿನ ಕಟ್ಟೆಯ ಹತ್ತಿರ ಎಲ್ಲರನ್ನೂ ಸೇರಿಸಿದೆವು. ಆಶಾ ಮನೆಮನೆಗೆ ಓಡಿ ಕರೆತಂದಳು. ನಾನು ನಿಂತು ಮಾತಾಡಿದೆ. ಗಂಟಲುಮಾರಿ ಎಂದೆ. ಆ ಹೆಸರು ಕೇಳಿ ವಯಸ್ಸಾದವರ ಮುಖ ಬದಲಾಯಿತು, ಹರೆಯದವರಿಗೆ ಅದು ಏನೆಂದೂ ಗೊತ್ತಿರಲಿಲ್ಲ. ಆ ಹುಡುಗಿಯ ಜೊತೆ ಕೂತಿದ್ದ ಮಕ್ಕಳೆಲ್ಲರ ಗಂಟಲು ನೋಡಬೇಕು, ಮಾತ್ರೆ ಕೊಡಬೇಕು, ಲಸಿಕೆ ಬಾಕಿ ಇದ್ದವರಿಗೆ ಹಾಕಬೇಕು, ಒಂದು ವಾರ ಮನೆಯಲ್ಲೇ ಇರಿಸಬೇಕು ಎಂದೆ.

ಕಿರಾಣಿ ಅಂಗಡಿಯವನು ಎದ್ದು ನಿಂತ. "ಅಕ್ಕಾರ, ಸರ ಕೊಟ್ಟೋರೂ ನೀವ, ಈಗ ರೋಗ ಅನ್ನೋರೂ ನೀವ. ನಾವು ಯಾವುದು ನಂಬಬೇಕು?"

ಬೇರೆ ದಿನವಾಗಿದ್ದರೆ ಅವನ ನೀರಿಳಿಸಿ ಕೂರಿಸುತ್ತಿದ್ದೆ. ಅಂದು ನನ್ನ ನಾಲಿಗೆ ಹಾಗೆ ಹೊರಳಲಿಲ್ಲ. "ಎರಡೂ ನಂಬ್ರಿ. ನಾ ಸರ ಕೊಟ್ಟೀನಿ, ಗಂಟಲ ನೋಡ್ಲಿಲ್ಲ. ಆ ಹುಡುಗಿಗಿ ಎರಡು ಸೂಜಿ ತಪ್ಪಿದ್ವು, ಅದನ್ನೂ ನಾ ನೋಡ್ಲಿಲ್ಲ. ಈಗರ ನೋಡಾಕ ಬಿಡ್ರಿ" ಎಂದೆ. ಇಷ್ಟು ಮಂದಿಯ ಮುಂದೆ ತಪ್ಪು ಒಪ್ಪಿಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಹಿಂದಿನಿಂದ ಯಾರೋ ಎದ್ದು ಹೊರಟರು.

ಆಗ ಮುದುಕಿ ಎದ್ದಳು. ಬೆಳಿಗ್ಗೆ ಬಾಗಿಲಿಗೆ ಅಡ್ಡ ಕೂತಿದ್ದವಳೇ. ನೇರ ನನ್ನ ಮುಂದೆ ಬಂದು ನಿಂತು, ಜನರ ಕಡೆ ತಿರುಗಿ, "ನಾ ಕೆನಿ ಅಂದ್ನಿ. ಬಟ್ಟಿಲೆ ಒರಸಿದ್ನಿ. ಮೊಮ್ಮಗಳ ರಕ್ತ ನನ್ನ ಬಟ್ಟಿಗಿ ಹತ್ತೈತಿ. ನನ್ನಂಗ ಮಾಡಬ್ಯಾಡ್ರಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಬಾಯಿ ಅಗಲಿಸಿದಳು. "ನೋಡವ್ವಾ, ಮೊದಲ ನಂದ ನೋಡು." ಒಳಗೆ ಎರಡೇ ಹಲ್ಲು. ನಾನು ಟಾರ್ಚು ಹಿಡಿದು ಮನಸ್ಸಿಟ್ಟು ನೋಡಿದೆ. ಸ್ವಚ್ಛ ಐತಿ ಆಯಿ ಎಂದೆ. ಮಕ್ಕಳು ಕಿಸಕ್ಕನೆ ನಕ್ಕವು. ಎದ್ದು ಹೊರಟವರು ನಿಂತರು. ಕಿರಾಣಿ ಅಂಗಡಿಯವನೇ ತನ್ನ ಮಗಳ ರಟ್ಟೆ ಹಿಡಿದು ಸಾಲಿಗೆ ತಂದು ನಿಲ್ಲಿಸಿದ.

ಆ ಸಾಲು ಸಂಜೆಯವರೆಗೂ ಕರಗಲಿಲ್ಲ. ಮರುದಿನ ಮಕ್ತಲ್‌ನಿಂದ ಡಾಕ್ಟರೇ ತಂಡ ಕಟ್ಟಿಕೊಂಡು ಬಂದರು. ಹತ್ತಿರವಿದ್ದವರ ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ಎಲ್ಲರಿಗೂ ರೋಗಾಣು ಕೊಲ್ಲುವ ಔಷಧ ಕೊಟ್ಟರು. ನನ್ನ ಕೈಯಲ್ಲಿ ಬಿಟ್ಟುಹೋದ ಕೂಸಿಗೆ ಪುಣೆಯಲ್ಲಿ ಒಂದೇ ಲಸಿಕೆ ಆಗಿತ್ತು, ಎರಡನೆಯದನ್ನು ನಾನೇ ಹಾಕಿದೆ. ಅದು ಅತ್ತ ಅಳುವಿಗೆ ಮುದುಕಿಯೂ ಅತ್ತಳು.

ಪರೀಕ್ಷೆಯ ಫಲ ಬಂದಾಗ ಒಬ್ಬಳ ಗಂಟಲಲ್ಲಿ ಅದೇ ರೋಗಾಣು ಸಿಕ್ಕಿತು, ಆಶಾಳ ಮಗಳದು. ಆಶಾ ಮಗಳನ್ನು ಎಳೆದುಕೊಂಡು ನನ್ನ ಹತ್ತಿರ ಓಡಿ ಬಂದಳು. ನಾನು ಮಗಳ ಬಾಯಿ ತೆರೆಸಿ ತೋರಿಸಿದೆ. ಸ್ವಲ್ಪ ಕೆಂಪು, ಅಷ್ಟೇ. ಪೊರೆ ಇಲ್ಲ, ಊತ ಇಲ್ಲ, ಹುಡುಗಿ ಊಟಕ್ಕೆ ಜಗಳವಾಡುತ್ತಿದ್ದಳು. ಆ ಮಗುವಿಗೆ ಐದೂ ಲಸಿಕೆ ಹೊತ್ತಿಗೆ ಸರಿಯಾಗಿ ಬಿದ್ದಿದ್ದವು. ಲಸಿಕೆ ರೋಗಾಣುವನ್ನು ಗಂಟಲಿಗೇ ಬರಬೇಡ ಎನ್ನುವುದಿಲ್ಲ, ಅದು ಕಾರುವ ವಿಷವನ್ನು ಕೆಲಸ ಮಾಡಲು ಬಿಡುವುದಿಲ್ಲ ಎಂದು ಡಾಕ್ಟರು ಹೇಳಿದರು. ಒಂದೇ ತಂಬಿಗೆಯ ನೀರು ಕುಡಿದ ಇಬ್ಬರು ಹುಡುಗಿಯರು. ಒಬ್ಬಳು ಹೈದರಾಬಾದಿನಲ್ಲಿ ಜೀವ ಹಿಡಿದು ಮಲಗಿದ್ದಳು, ಇನ್ನೊಬ್ಬಳು ಮಾತ್ರೆ ನುಂಗಿ ಮನೆಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ನನ್ನ ಕೆಲಸದ ಫಲವನ್ನು ನಾನು ಕಣ್ಣಿನಿಂದ ಕಂಡದ್ದು ಆಗ.

ಹೈದರಾಬಾದಿನಿಂದ ತಾಯಿ ದಿನಾ ಬೆಳಿಗ್ಗೆ ಹತ್ತಕ್ಕೆ ಫೋನು ಮಾಡುತ್ತಿದ್ದಳು. ಮೊದಲ ದಿನ, ಕುದುರೆಯ ರಕ್ತದಿಂದ ಮಾಡಿದ ಔಷಧವಂತೆ, ಮೊದಲು ಒಂದು ಹನಿ ಚರ್ಮಕ್ಕೆ ಕೊಟ್ಟು ನೋಡಿ ಆಮೇಲೆ ಏರಿಸಿದರು ಎಂದಳು. ಅದು ರಕ್ತದಲ್ಲಿ ತೇಲುವ ವಿಷವನ್ನು ಹಿಡಿಯುತ್ತದೆ, ಆಗಲೇ ಹೃದಯಕ್ಕೂ ನರಕ್ಕೂ ಅಂಟಿದ್ದನ್ನು ಬಿಡಿಸಲಾರದು. ಹಾಗಾಗಿಯೇ ಆ ಅವಸರ. ಮೂರನೆಯ ದಿನ, ಪೊರೆ ಅಂಚಿನಿಂದ ಏಳುತ್ತಿದೆ ಎಂದಳು. ಎರಡನೆಯ ವಾರದಲ್ಲಿ ಅವಳ ದನಿ ಕುಗ್ಗಿತ್ತು. ನಾಡಿ ಏರುಪೇರಾಗುತ್ತಿದೆ, ಮಗ್ಗುಲು ಹೊರಳಲೂ ಬಿಡುತ್ತಿಲ್ಲ ಎಂದಳು. "ಗಂಟಲ ಆರಾಮ ಆಗೈತ್ರಿ, ಆದ್ರ ಹಾಲು ಕುಡಿಸಿದ್ರ ಮೂಗಿಲೆ ಬರಾಕತ್ತೈತಿ." ನನಗೆ ಅಜ್ಜಿಯ ಮಗು ನೆನಪಾಯಿತು. ಅಂದು ನಾನು ಊಟ ಮಾಡಲಿಲ್ಲ. ಮುದುಕಿಗೆ ಮಾತ್ರ ಹೇಳಲಿಲ್ಲ, ಅವಳ ಮನೆಗೆ ಹೋಗಿ ಕೂಸನ್ನು ಎತ್ತಿಕೊಂಡು ಸಂಜೆಯವರೆಗೆ ಕೂತೆ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಆಟೋ ಬಂದು ನಿಂತಿತು. ತಾಯಿ ಏಳು ವರ್ಷದ ಮಗಳನ್ನು ಎತ್ತಿಕೊಂಡೇ ಇಳಿದಳು. ಇನ್ನೂ ಕೆಲವು ವಾರ ಓಡುವಂತಿಲ್ಲ, ಭಾರ ಎತ್ತುವಂತಿಲ್ಲ ಎಂದು ಹೇಳಿ ಕಳಿಸಿದ್ದರು. ಹುಡುಗಿ ಕಡ್ಡಿಯಾಗಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೂಗಿನಿಂದ ಬರುವ ದನಿಯಲ್ಲಿ, "ನನಗ ಎಷ್ಟ ಸೂಜಿ ಮಾಡ್ಯಾರ ಗೊತ್ತೇನು? ನಿಮ್ಮದು ಏನೂ ಅಲ್ಲ" ಎಂದಳು. ಆ ಸೊಕ್ಕು ಕೇಳಿ ನನಗೆ ಅಳು ಬಂತು. ಸೊಕ್ಕಿನಲ್ಲಿ ನನ್ನ ಸಾಲಿನವಳೇ. ರೋಗ ಬಂದು ಹೋದ ಮಾತ್ರಕ್ಕೆ ಮತ್ತೆ ಬರುವುದಿಲ್ಲ ಎನ್ನುವ ಹಾಗಿಲ್ಲ, ಬಾಕಿ ಲಸಿಕೆ ಹಾಕಲೇಬೇಕು ಎಂದು ನಾನು ಹೇಳಿದಾಗ ತೋಳು ತಾನೇ ಮುಂದೆ ಮಾಡಿದಳು, ಕಣ್ಣು ಮುಚ್ಚಲಿಲ್ಲ.

ಮುಂದಿನ ಮೀಟಿಂಗಿಗೆ ನಾರಾಯಣಪೇಟೆಗೆ ಹೋದಾಗ ನಾನು ಎದ್ದು ನಿಂತು, ನನ್ನ ಊರಲ್ಲಿ ಇಷ್ಟು ಮಕ್ಕಳು ಬಾಕಿ ಇದ್ದಾರೆ ಎಂದೆ. ಕೆಂಪು ಗೆರೆಯ ಹೆಸರುಗಳನ್ನೆಲ್ಲ ಮತ್ತೆ ಬರೆದುಕೊಂಡಿದ್ದೆ, ಒಬ್ಬೊಬ್ಬರ ಮುಂದೆ ಅಪ್ಪನ ಫೋನ್ ನಂಬರು, ಕೆಲಸದ ಊರ ಹೆಸರು. ಚಪ್ಪಾಳೆ ಬೀಳಲಿಲ್ಲ. ಹೊರಗೆ ಚಹಾ ಕುಡಿಯುವಾಗ ಕೊತ್ತಪಲ್ಲಿ ಕಡೆಯ ಒಬ್ಬ ನರ್ಸು ಬಂದು ಆ ಪುಸ್ತಕ ಹೇಗೆ ಇಡುತ್ತೀರಿ, ತೋರಿಸಿ ಎಂದಳು. ಪುಟ ತಿರುಗಿಸಿ ತೋರಿಸಿದೆ. ಚಪ್ಪಾಳೆಗಿಂತ ಅದು ಹೆಚ್ಚು ಎನ್ನಿಸಿತು.

ಸರವನ್ನು ಈಗಲೂ ಕೇಳಲು ಬರುತ್ತಾರೆ, ನಾನು ಈಗಲೂ ಕೊಡುತ್ತೇನೆ. ಆದರೆ ಮಗುವನ್ನು ಕರೆತಂದು ಬಾಯಿ ತೆರೆಸಬೇಕು, ನಾನು ಟಾರ್ಚು ಹಾಕಿ ನೋಡಬೇಕು, ಆಮೇಲೆಯೇ ಬಂಗಾರ. ಊರವರು ಇದನ್ನೂ ಪದ್ಧತಿಯಲ್ಲಿ ಸೇರಿಸಿಕೊಂಡುಬಿಟ್ಟಿದ್ದಾರೆ. ಟಾರ್ಚಿನ ಬೆಳಕು ಬಿದ್ದರೆ ಬಾವು ಬೇಗ ಇಳಿಯುತ್ತದಂತೆ. ನಾನು ತಿದ್ದಲು ಹೋಗಿಲ್ಲ.

ಆ ಹೆಣ್ಣುಮಗಳು ಮಕ್ಕಳೊಂದಿಗೆ ಮತ್ತೆ ಪುಣೆಗೆ ಹೋದಳು. ಹೊಟ್ಟೆ ಕೇಳಬೇಕಲ್ಲ. ಹೋಗುವ ಮೊದಲು ಕೂಸಿಗೆ ಮೂರನೆಯ ಲಸಿಕೆ ಹಾಕಿ, ಒಂದೂವರೆ ವರ್ಷ ತುಂಬಿದಾಗ ಬೂಸ್ಟರು ಎಂದು ಹೇಳಿ ನನ್ನ ಪುಸ್ತಕದಲ್ಲಿ ತಿಂಗಳು ಬರೆದುಕೊಂಡೆ. ಆ ತಿಂಗಳು ಬಂದಾಗ ನೆನಪಿಸಲು ಫೋನು ಎತ್ತುವಷ್ಟರಲ್ಲಿ ಅವಳದ್ದೇ ಫೋನು ಬಂತು. ಸೈಟಿನ ಮೇಸ್ತ್ರಿಯ ಜೊತೆ ವಾರಗಟ್ಟಲೆ ಜಗಳವಾಡಿ, ಅಲ್ಲಿಯ ಸರ್ಕಾರಿ ದವಾಖಾನೆಗೆ ನಾಲ್ಕು ಸಲ ಅಲೆದು, ನರ್ಸನ್ನು ಕೆಲಸದವರ ಶೆಡ್ಡಿಗೇ ಕರೆತಂದಿದ್ದಳಂತೆ.

"ಅಕ್ಕಾರ, ಕೇಳ್ರಿ" ಎಂದಳು. ಫೋನಿನಲ್ಲಿ ಅವಳ ಮಗ ಕಿರುಚಿಕೊಂಡ. ಗಂಟಲು ಹರಿಯುವ ಹಾಗೆ ಅತ್ತ. ಅವನು ನಿಲ್ಲಿಸುವ ಮೊದಲೇ ಇನ್ನೊಂದು ಕೂಸು ಅಳಲು ಶುರುಮಾಡಿತು.

"ಇದು ಯಾರದವಾ?"

"ನಮ್ಮದಲ್ರಿ. ಬಾಜೂ ಶೆಡ್ಡಿಂದು. ಒಡಿಶಾದೋರು."

ಅದರ ಹಿಂದೆ ಮತ್ತೊಂದು ಅಳು. ಅಳುಗಳ ನಡುವೆ ಒಂದು ಹುಡುಗಿ ಗಟ್ಟಿ ದನಿಯಲ್ಲಿ, ಒಂದಿಷ್ಟೂ ಮೂಗಿನ ಎಳೆತವಿಲ್ಲದೆ, ಒಂದೊಂದೇ ಹೆಸರು ಕೂಗಿ ಕರೆಯುತ್ತಿದ್ದಳು. ನಾನು ಕೇಳದಿದ್ದರೂ ಅದು ಯಾರೆಂದು ತಾಯಿ ಹೇಳಿದಳು.

"ನಮ್ಮಾಕಿನ್ರಿ ಅಕಿ. ಶೆಡ್ಡಿನ ಹುಡುಗರ ಹೆಸರೆಲ್ಲಾ ಅಕೀನ ಬರಕೊಂಡಾಳ. ಇನ್ನಾ ಭಾಳ ಮಂದಿ ಅದಾವ್ರಿ ಸಾಲಿನಾಗ. ಫೋನ್ ಇಡಬ್ಯಾಡ್ರಿ."

ನಾನು ಇಡಲಿಲ್ಲ. ಸಾಲು ಮುಗಿಯುವವರೆಗೂ ಒಂದೊಂದೇ ಅಳುವನ್ನು ಕೇಳುತ್ತ ಸಬ್‌ಸೆಂಟರಿನ ಬಾಗಿಲಲ್ಲೇ ನಿಂತಿದ್ದೆ.